ರತ್ನನ ಪದಗಳೂ ನಳನ ಕಲಿಯೂ

ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕನ್ನಡಿಗರ ನಾಲಗೆಯಲ್ಲಿ ನೆಲೆಗೊಂಡು ಒಂಬತ್ತು ದಶಕಗಳಷ್ಟಾದವು. ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿ ಹಾಡಿದಮೇಲಂತೂ ಅವು ಓದುಬಲ್ಲವರ ಸೊತ್ತಾಗಿ ಮಾತ್ರ ಉಳಿಯದೆ ಕೇಳುವ ಕಿವಿಯುಳ್ಳವರೆಲ್ಲರ ಸೊತ್ತಾದವು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ರಾಜ್ಯೋತ್ಸವದ ತಿಂಗಳು ಬಂತೆಂದರೆ, ಹೆಂಡದ ವಾಸನೆಯನ್ನೂ ಕಂಡರಿಯದ ಗೃಹಸ್ಥರು ಮಕ್ಕಳುಮರಿಗಳೊಡನೆ ಸಭೆಯಲ್ಲಿ ಕುಳಿತು, ಹೆಂಡಗುಡುಕನೊಬ್ಬನ ಪದಗಳಿಗೆ ಕೈತಾಳ ಹಾಕಿ ಆನಂದಿಸುವುದನ್ನು ಇಂದಿಗೂ ಕಾಣಬಹುದು. ಕವಿತೆಗೆ ಇದಕ್ಕಿಂತ ಹೆಚ್ಚಿನ ಜಯ ಬೇಕಿಲ್ಲ.

ಆದರೆ ಆ ಸಭೆಯ ಕಡೆಯ ಸಾಲಿನಲ್ಲಿ ಕೈತಾಳ ಹಾಕದೆ ಕುಳಿತಿರುವ ಒಬ್ಬ ತಾಯಿಯನ್ನು ಭಾವಿಸಿಕೊಳ್ಳಬೇಕು. ಅವಳ ಮಗನು ಓದಿದವನು, ಉದ್ಯೋಗದಲ್ಲಿದ್ದವನು. ಅವನಿಗೆ ಕುಡಿತ ಮೊದಲು ಬಂತೋ ಮನಸ್ಸಿನ ರೋಗ ಮೊದಲು ಬಂತೋ ಎಂಬುದನ್ನು ಮನೆಯವರು ಇಂದಿಗೂ ಹೇಳಲಾರರು. ಯಾರೂ ಇಲ್ಲದ ಕೋಣೆಯಲ್ಲಿ ಅವನಿಗೆ ಮಾತು ಕೇಳಿಸುತ್ತದೆ. ಆ ಮಾತನ್ನು ಅಡಗಿಸುವುದಕ್ಕೆ ಕುಡಿಯುತ್ತಾನೆ. ಕುಡಿದಮೇಲೆ ಅದು ಮತ್ತಷ್ಟು ಗಟ್ಟಿಯಾಗಿ ಕೇಳಿಸುತ್ತದೆ. ಅಂಥವಳ ಕಿವಿಗೆ ರತ್ನನ ಪದಗಳು ಯಾವ ಅರ್ಥವನ್ನು ಕೊಟ್ಟಾವು? ರಸಿಕರ ಚಪ್ಪಾಳೆಯಿಂದ ಕಾವ್ಯದ ಒಂದು ಬೆಲೆ ಗೊತ್ತಾಗುವಂತೆ, ನೊಂದವರ ಮೌನದಿಂದ ಇನ್ನೊಂದು ಬೆಲೆ ಗೊತ್ತಾಗುತ್ತದೆ. ಈ ಎರಡನೆಯ ಬೆಲೆಯನ್ನು ಕಟ್ಟುವುದೂ ವಿಮರ್ಶೆಯ ಕರ್ತವ್ಯವೇ ಆಗಿದೆ.

ಮೊದಲು ಕವಿಗೆ ಸಲ್ಲತಕ್ಕದ್ದನ್ನು ಸಲ್ಲಿಸಬೇಕು. ಕಾವ್ಯದಲ್ಲಿ ಕುಡಿತವು ಹೊಸ ವಸ್ತುವೇನೂ ಅಲ್ಲ. ಮಹಾಕಾವ್ಯದಲ್ಲಿ ಬರತಕ್ಕ ವರ್ಣನೆಗಳನ್ನು ದಂಡಿಯು ಎಣಿಸುವಾಗ ಉದ್ಯಾನವಿಹಾರ, ಜಲಕ್ರೀಡೆಗಳೊಡನೆ ಮಧುಪಾನವನ್ನೂ ಸೇರಿಸಿದ್ದಾನೆ. ಮಾಘನು ‘ಶಿಶುಪಾಲವಧ’ದ ೧೦ನೆಯ ಸರ್ಗದಲ್ಲಿ ಯಾದವರ ಮಧುಪಾನವನ್ನು ಬಣ್ಣಿಸಿದ್ದಾನೆ. ಪಂಪನ ಭಾರತದಲ್ಲಿಯೂ ಪಾನಗೋಷ್ಠಿಯ ವರ್ಣನೆಯುಂಟು. ಈ ವರ್ಣನೆಗಳಲ್ಲೆಲ್ಲ ಕುಡಿತವು ಒಂದು ಅಲಂಕಾರ. ಚಂದ್ರೋದಯಕ್ಕೂ ವಸಂತಕ್ಕೂ ಸಮನಾದ ಒಂದು ಉದ್ದೀಪನ ಸಾಮಗ್ರಿ. ಕುಡಿಯುವವನು ಅಲ್ಲಿ ಮಾತನಾಡುವುದಿಲ್ಲ. ಅವನ ಪರವಾಗಿ ಕವಿಯು ಮಾತನಾಡುತ್ತಾನೆ. ಸಂಜೆಯ ವರ್ಣನೆಯೊಡನೆ ಸರ್ಗ ಮುಗಿದುಹೋಗುತ್ತದೆ. ಮರುದಿನದ ಬೆಳಗನ್ನು ತೋರಿಸುವ ಹೊಣೆಯನ್ನು ಇತಿಹಾಸವು ಹೊತ್ತಿತು. ಮಾಘನಲ್ಲಿ ಸೊಗಸಾಗಿ ಕುಡಿದ ಅದೇ ಯಾದವರು ಮಹಾಭಾರತದ ಮೌಸಲಪರ್ವದಲ್ಲಿ ಪ್ರಭಾಸತೀರ್ಥದಲ್ಲಿ ಕುಡಿದು ಒಬ್ಬರನ್ನೊಬ್ಬರು ಬಡಿದು ಕೊಂದು ನಿರ್ನಾಮವಾದರು. ಅದಕ್ಕೆ ಮೊದಲು ದ್ವಾರಕೆಯಲ್ಲಿ, ಮದ್ಯ ಮಾಡಿದವನಿಗೆ ಶೂಲವೇ ಶಿಕ್ಷೆಯೆಂದು ಡಂಗುರ ಸಾರಿದ್ದರು. ಶೂಲಕ್ಕೆ ಹೆದರಿ ಬಿಟ್ಟ ಕುಡಿತವು ತೀರ್ಥಯಾತ್ರೆಯ ನೆಪದಲ್ಲಿ ಹಿಂದಿರುಗಿ ಬಂತು. ವ್ಯಾಸರ ಲೋಕಜ್ಞಾನವು ಎಂಥದೆಂಬುದಕ್ಕೆ ಇದೊಂದೇ ಸಂಗತಿ ಸಾಕು.

ರಾಜರತ್ನಂ ಅವರು ಈ ಪರಂಪರೆಯನ್ನು ತಲೆಕೆಳಗು ಮಾಡಿದರು. ಅವರ ರತ್ನನು ಅಲಂಕಾರವಾಗಿ ಬಂದವನಲ್ಲ. ಅವನು ಕೂಲಿಮಾಡಿ ಉಣ್ಣುವ ಮನುಷ್ಯನು; ಅವನಿಗೆ ಪುಟ್ನಂಜಿಯೆಂಬ ಹೆಂಡತಿಯುಂಟು, ತಲೆಯ ಮೇಲೊಂದು ಸೂರುಂಟು; ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಸ್ವಂತ ನಾಲಗೆಯುಂಟು. ವ್ಯಾಕರಣದ ಕಟ್ಟಿಗೆ ಸಿಕ್ಕದ ಬೀದಿಯ ಕನ್ನಡದಲ್ಲಿ ಅವನು ತನ್ನ ಪ್ರಪಂಚವನ್ನು ತಾನೇ ಹೇಳಿಕೊಂಡನು. ಸ್ವತಃ ಮದ್ಯವನ್ನು ಮುಟ್ಟದವರೆಂದು ಪ್ರಸಿದ್ಧರಾದ, ಮಕ್ಕಳಿಗೆ ‘ತುತ್ತೂರಿ’ಯನ್ನು ಕೊಟ್ಟ, ಬುದ್ಧನ ಉಪದೇಶವನ್ನು ಕನ್ನಡಕ್ಕೆ ತಂದ ಅಧ್ಯಾಪಕರೊಬ್ಬರು ಕುಡುಕನ ಎದೆಯೊಳಕ್ಕೆ ಹೊಕ್ಕು ನುಡಿದದ್ದು ಕನ್ನಡ ಸಾಹಿತ್ಯದ ಒಂದು ಆಶ್ಚರ್ಯ. ೧೯೭೮ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಾಗ, ಅವರೊಡನೆ ರತ್ನನೂ ಆ ಪೀಠದ ಮೇಲೆ ಕುಳಿತನೆಂದರೆ ತಪ್ಪಾಗದು. ಮರುವರ್ಷವೇ ಕವಿ ತೀರಿಕೊಂಡರು, ರತ್ನನು ಉಳಿದನು.

ಇಷ್ಟನ್ನು ಒಪ್ಪಿದಮೇಲೆ ಪ್ರಶ್ನೆಯು ಹುಟ್ಟುತ್ತದೆ. ರತ್ನನ ಪದಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದದ್ದು ಭಗವಂತನು ಭೂಮಿಗಿಳಿದು ಅವನನ್ನು ಪರೀಕ್ಷಿಸುವ ಪದ. ಹೆಂಡವನ್ನು ಬಿಡೆಂದರೆ ರತ್ನನು ಮರುಮಾತಿಲ್ಲದೆ ಬಿಡಲು ಸಿದ್ಧನು. ಹೆಂಡತಿಯನ್ನು ಬಿಡೆಂದರೆ ಕಾಟ ತಪ್ಪಿತೆಂದು ಕುಣಿಯಲು ಸಿದ್ಧನು. ಕನ್ನಡದ ಪದಗಳನ್ನು ಬಿಡೆಂದರೆ ಮಾತ್ರ ದೇವರ ಮೇಲೆಯೇ ತಿರುಗಿ ಬೀಳುತ್ತಾನೆ. ಭಾಷಾಭಿಮಾನದ ಕವಿತೆಯಾಗಿ ಇದು ಅನುಪಮವಾದದ್ದು. ಆದರೆ ಇದರ ಕಟ್ಟಡವು ಯಾವ ತಳಹದಿಯ ಮೇಲೆ ನಿಂತಿದೆ? ಹೆಂಡವನ್ನು ಒಂದು ಮಾತಿಗೆ ಬಿಡಬಹುದೆಂಬ ಭಾವನೆಯ ಮೇಲೆ. ಮೊದಲ ತ್ಯಾಗವು ಅಷ್ಟು ಸುಲಭವಾದದ್ದರಿಂದಲೇ ಕಡೆಯ ನಿರಾಕರಣೆಗೆ ಅಷ್ಟು ಎತ್ತರ ಬಂದಿತು. ವ್ಯಸನವೆಂದರೇನೆಂಬುದನ್ನು ಬಲ್ಲವರಿಗೆ ಇಲ್ಲಿ ಒಂದು ಸತ್ಯವು ಹೊಳೆಯದಿರದು. ರತ್ನನು ಹೆಂಡವನ್ನು ಪ್ರೀತಿಸುವವನೇ ಹೊರತು ಹೆಂಡಕ್ಕೆ ಸೆರೆಸಿಕ್ಕಿದವನಲ್ಲ. ಅವನ ಕಾಲು ತೂರಾಡಬಹುದು, ಚಿತ್ತ ತೂರಾಡುವುದಿಲ್ಲ. ಮಡಿಕೇರಿಯ ಮಂಜನ್ನು ಕಂಡು ಅವನು ಹಿಗ್ಗುತ್ತಾನೆಯೇ ವಿನಾ ಆ ಮಂಜಿನೊಳಗೆ ತನ್ನನ್ನು ಹಿಡಿಯಲು ಬರುವವರನ್ನು ಕಾಣುವುದಿಲ್ಲ.

ಇದು ಕವಿಯ ದೋಷವಲ್ಲ. ಕವಿಯು ರೋಗಚಿತ್ರವನ್ನು ಬರೆಯುತ್ತೇನೆಂದು ಹೊರಟವನಲ್ಲ. ದೋಷವು ರತ್ನನನ್ನೇ ಕುಡುಕನ ನಿಜರೂಪವೆಂದು ನಂಬಿದ ಸಹೃದಯರದು. ದೇವರು ಹೇಳಿದರೆ ಬಿಡುವವನು ತಾಯಿ ಹೇಳಿದರೆ ಏಕೆ ಬಿಡಬಾರದು ಎಂಬ ತರ್ಕವು ಈ ನಂಬಿಕೆಯಿಂದಲೇ ಹುಟ್ಟುತ್ತದೆ. ಬಿಡದಿದ್ದರೆ ಅದು ಹಟ, ಕೊಬ್ಬು, ಸಂಸ್ಕಾರದ ಕೊರತೆಯೆಂದು ತೀರ್ಪಾಗುತ್ತದೆ.

ಕುಡುಕನ ಸ್ಥಿತಿ ಹೀಗಾದರೆ ಹುಚ್ಚಿನ ಸ್ಥಿತಿಯನ್ನು ಕನ್ನಡ ಸಾಹಿತ್ಯವು ಬೇರೊಂದು ಕೋಣೆಯಲ್ಲಿ ಇರಿಸಿತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಆ ಕೋಣೆಯ ಒಡತಿ. ಆಸ್ಪತ್ರೆಯಿಂದ ಗುಣಹೊಂದಿ ಬಂದವಳನ್ನು ಗಂಡನೂ ನೆರೆಹೊರೆಯೂ ಮತ್ತೆ ಮನುಷ್ಯಳೆಂದು ಎಣಿಸದೆ ಹೋದದ್ದರಿಂದ ಅವಳು ಪುನಃ ಕುಸಿದ ಕಥೆಯದು. ಪುಟ್ಟಣ್ಣ ಕಣಗಾಲರ ಚಲನಚಿತ್ರದಿಂದ ೧೯೭೧ರಲ್ಲಿ ಈ ಕಥೆಯು ಮನೆಮನೆಗೂ ತಲುಪಿ, ಹೆಂಗಸರ ಕಣ್ಣಿನಲ್ಲಿ ನೀರು ತರಿಸಿತು. ವೈದ್ಯರೂ ಹಾಸ್ಯಲೇಖಕರೂ ಆಗಿದ್ದ ‘ರಾಶಿ’ಯವರು, ಎಂದರೆ ‘ಕೊರವಂಜಿ’ಯ ಎಂ. ಶಿವರಾಂ ಅವರು, ‘ಮನಮಂಥನ’ವನ್ನು ಬರೆದು ಮನೋರೋಗವನ್ನು ಶಾಸ್ತ್ರೀಯವಾಗಿ ತಿಳಿಸಿದರು, ಅದಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಹೀಗೆ ಒಂದು ಕೋಣೆಯಲ್ಲಿ ಕುಡುಕನಿಗೆ ನಗೆ, ಇನ್ನೊಂದು ಕೋಣೆಯಲ್ಲಿ ಹುಚ್ಚಿಗೆ ಕಣ್ಣೀರು. ಎರಡೂ ರೋಗಗಳನ್ನು ಒಂದೇ ಮೈಯಲ್ಲಿ ಹೊತ್ತವನು ಎರಡು ಕೋಣೆಗಳ ನಡುವಣ ಹೊಸ್ತಿಲಿನ ಮೇಲೆ ನಿಂತಿದ್ದಾನೆ. ಅವನಿಗೆ ನಗೆಯ ಸಲಿಗೆಯೂ ಇಲ್ಲ, ಕಣ್ಣೀರಿನ ಮರ್ಯಾದೆಯೂ ಇಲ್ಲ.

ಶಾಸ್ತ್ರದಲ್ಲಿಯೂ ಈ ವಿಭಾಗವುಂಟು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಕ್ಕೆ ೯ನೆಯ ಅಧ್ಯಾಯವೂ ಮದಾತ್ಯಯಕ್ಕೆ ೨೪ನೆಯ ಅಧ್ಯಾಯವೂ ಮೀಸಲಾಗಿವೆ. ಆದರೆ ಚರಕನು ನಡುವೆ ಸೇತುವೆಯನ್ನು ಕಟ್ಟದೆ ಬಿಡಲಿಲ್ಲ. ಮದ್ಯಮಾಂಸಗಳನ್ನು ತ್ಯಜಿಸಿ, ಹಿತಮಿತವಾಗಿ ಉಂಡು, ಶುಚಿಯಾಗಿ ಬಾಳುವ ಸತ್ತ್ವವಂತನನ್ನು ಉನ್ಮಾದವು ಮುಟ್ಟದೆಂಬ ಅಭಿಪ್ರಾಯವು ಉನ್ಮಾದದ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ಎರಡು ರೋಗಗಳಿಗೂ ನಂಟುಂಟೆಂಬುದನ್ನು ಪ್ರಾಚೀನರು ಕಂಡಿದ್ದರೆಂಬುದಕ್ಕೆ ಇದು ಸಾಕ್ಷಿ. ಇದನ್ನು ತಪ್ಪಾಗಿ ಓದುವ ಅಪಾಯವೂ ಉಂಟು. ಸತ್ತ್ವವಂತನಿಗೆ ರೋಗ ಬಾರದೆಂದಮೇಲೆ ರೋಗ ಬಂದವನು ಸತ್ತ್ವಹೀನನೆಂದು ಮನೆಯ ಹಿರಿಯರು ತೀರ್ಮಾನಿಸಿದರೆ ಅದು ಚರಕನಿಗೆ ಮಾಡುವ ಅಪಚಾರ. ಆ ಮಾತು ಆರೋಗ್ಯವಂತನಿಗೆ ಹೇಳಿದ ರಕ್ಷೆಯೇ ಹೊರತು ರೋಗಿಗೆ ಕೊಟ್ಟ ಶಾಪವಲ್ಲ. ರೋಗಿಗೆ ಹೇಳಿದ್ದು ಮದಾತ್ಯಯದ ಅಧ್ಯಾಯದಲ್ಲಿದೆ. ಒಮ್ಮೆ ಬಿಟ್ಟವನು ಮತ್ತೆ ಹಠಾತ್ತಾಗಿ ಮಿತಿಮೀರಿ ಕುಡಿದರೆ ‘ಧ್ವಂಸಕ’, ‘ವಿಕ್ಷಯ’ಗಳೆಂಬ ಎರಡು ರೋಗಗಳು ಬರುತ್ತವೆಂದು ಚರಕನು ಹೆಸರಿಟ್ಟು ಹೇಳಿದ್ದಾನೆ. ಬಿಡುವುದು, ಮತ್ತೆ ಹಿಡಿಯುವುದು ಎಂಬ ಸುಳಿಯು ನೀತಿಯ ವಿಷಯವಾಗುವುದಕ್ಕೆ ಮೊದಲೇ ವೈದ್ಯದ ವಿಷಯವಾಗಿತ್ತು.

ಹಾಗಾದರೆ ಎರಡು ರೋಗಗಳೂ ಒಬ್ಬನಲ್ಲಿಯೇ ಸೇರಿದ ಚಿತ್ರವು ಸಾಹಿತ್ಯದಲ್ಲಿ ಎಲ್ಲಿಯೂ ಇಲ್ಲವೆ? ಇದೆ; ಅದೂ ಕನ್ನಡದ ಮನೆಗಳಲ್ಲಿ ಗಮಕಿಗಳ ಬಾಯಿಂದ ತಲೆಮಾರುಗಳ ಕಾಲ ಕೇಳಿಬಂದ ಕಥೆಯಲ್ಲಿ. ಕನಕದಾಸರು ಭಾಮಿನೀ ಷಟ್ಪದಿಯಲ್ಲಿ ಹಾಡಿದ ನಳನ ಚರಿತ್ರೆಗೆ ಮೂಲವಾದ ವನಪರ್ವದ ನಳೋಪಾಖ್ಯಾನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಅಲ್ಲಿಯ ವ್ಯಸನವು ಮದ್ಯವಲ್ಲ, ಜೂಜು. ಆದರೆ ವ್ಯಸನಗಳ ಪಟ್ಟಿಯಲ್ಲಿ ಪಾನವನ್ನೂ ಅಕ್ಷವನ್ನೂ ಧರ್ಮಶಾಸ್ತ್ರವು ಒಟ್ಟಿಗೆ ಎಣಿಸಿರುವುದರಿಂದ ಹೋಲಿಕೆಗೆ ಬಾಧಕವಿಲ್ಲ.

ದಮಯಂತಿಯ ಸ್ವಯಂವರದಿಂದ ಕೆರಳಿದ ಕಲಿಯು ಒಬ್ಬನೇ ಬರಲಿಲ್ಲ. ತಾನು ನಳನೊಳಗೆ ಹೊಕ್ಕು, ದ್ವಾಪರನು ದಾಳಗಳೊಳಗೆ ಹೊಗುವಂತೆ ಮಾಡಿದನು. ಈ ವಿವರವನ್ನು ಕಥೆಯ ಬೆಡಗೆಂದು ದಾಟಿಹೋಗಬಾರದು. ಒಂದು ಶಕ್ತಿಯು ಮನಸ್ಸಿನಲ್ಲಿ, ಇನ್ನೊಂದು ವಸ್ತುವಿನಲ್ಲಿ. ಮನಸ್ಸು ಕೆಟ್ಟಿದ್ದರಿಂದ ದಾಳವು ಸೆಳೆಯಿತು. ದಾಳವು ಸೆಳೆದಷ್ಟೂ ಮನಸ್ಸು ಕೆಟ್ಟಿತು. ಯಾವುದು ಮೊದಲು ಎಂಬ ಪ್ರಶ್ನೆಗೆ ವ್ಯಾಸರು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಎರಡೂ ಕೂಡಿ ಒಂದೇ ಸಂಚೆಂದರು. ಪೌರರೂ ಮಂತ್ರಿಗಳೂ ಬಾಗಿಲಿಗೆ ಬಂದು ಕರೆದರೆ ನಳನು ಮಾತನಾಡಲಿಲ್ಲ. ಇವನು ಅವನಲ್ಲವೆಂದು ಅವರು ನಾಚಿ, ನೊಂದು ಹಿಂದಿರುಗಿದರು. ಕಾಡಿನಲ್ಲಿ, ಮಲಗಿದ್ದ ಹೆಂಡತಿಯನ್ನು ಬಿಟ್ಟುಹೋಗುವಾಗ ಅವನ ಹೃದಯವು ಎರಡಾಗಿ ಉಯ್ಯಾಲೆಯಂತೆ ಹೋಗಿ ಬಂದು ಮಾಡಿತು. ಬಿಡಬೇಕೆಂದು ನಿಶ್ಚಯಿಸಿ ಮನೆಯಿಂದ ಹೊರಟು, ಅಂಗಡಿಯ ತಿರುವಿನಿಂದ ಒಮ್ಮೆ ಹಿಂದಿರುಗಿ, ಮತ್ತೆ ಅತ್ತಲೇ ನಡೆದವನ ಮನಸ್ಸಿಗೆ ಇದಕ್ಕಿಂತ ಸತ್ಯವಾದ ಚಿತ್ರವು ಯಾವ ಭಾಷೆಯಲ್ಲಿದ್ದೀತು?

ನಳನಿಗಿಂತಲೂ ಇಲ್ಲಿ ನೋಡಬೇಕಾದವಳು ದಮಯಂತಿ. ಸಭೆಯಲ್ಲಿ ಹಾಡುವ ಪದದೊಳಗೆ ಪುಟ್ನಂಜಿಯು ಒಂದು ಕಾಟವೆನ್ನಿಸಿಕೊಂಡು ನಗೆಗೆ ವಸ್ತುವಾಗುತ್ತಾಳೆ; ಅವಳ ಮನಸ್ಸನ್ನು ಯಾರೂ ಕೇಳುವುದಿಲ್ಲ. ದಮಯಂತಿಯ ಮನಸ್ಸಾದರೋ ಆ ಉಪಾಖ್ಯಾನದ ಬೆಳಕು. ಗಂಡನು ಮಾತಿಗೆ ಸಿಕ್ಕನೆಂಬುದು ತಿಳಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಯಾವುದು? ಸಾರಥಿ ವಾರ್ಷ್ಣೇಯನನ್ನು ಕರೆಸಿ, ಎರಡು ಮಕ್ಕಳನ್ನೂ ಕುಂಡಿನಪುರದ ತವರಿಗೆ ಕಳುಹಿಸಿದಳು. ತಾನು ಉಳಿದಳು, ಮಕ್ಕಳನ್ನು ಉಳಿಸಿದಳು. ಗಂಡನನ್ನು ಬಿಡದಿರುವುದೂ ಮಕ್ಕಳನ್ನು ಅವನ ರೋಗದ ಕೈಗೆ ಕೊಡದಿರುವುದೂ ಪರಸ್ಪರ ವಿರುದ್ಧವಲ್ಲವೆಂಬುದನ್ನು ಅವಳು ಕಂಡುಕೊಂಡಳು. ಕಾಡಿನಲ್ಲಿ ತೊರೆಯಲ್ಪಟ್ಟಾಗಲೂ ಅವಳು ಶಪಿಸಿದ್ದು ನಳನನ್ನಲ್ಲ. ಯಾವ ಭೂತದಿಂದ ನಳನಿಗೆ ಈ ದುಃಖ ಬಂತೋ ಅದಕ್ಕೆ ಇದಕ್ಕಿಂತ ಹೆಚ್ಚಿನ ದುಃಖ ಬರಲೆಂದು ಶಪಿಸಿದಳು. ರೋಗವನ್ನೂ ರೋಗಿಯನ್ನೂ ಬೇರ್ಪಡಿಸಿ ನೋಡುವ ವಿವೇಕ ಇದು. ಹಾಗೆಂದು ಅವಳು ಪ್ರಶ್ನೆಯನ್ನು ಬಿಟ್ಟುಕೊಡಲಿಲ್ಲ. ಬಾಹುಕನ ವೇಷದಲ್ಲಿ ಬಂದವನನ್ನು ಪರೀಕ್ಷಿಸಿ ಗುರುತಿಸಿ, ನಿರಪರಾಧಿಯಾದ ಹೆಂಡತಿಯನ್ನು ನಿದ್ರೆಯಲ್ಲಿ ಬಿಟ್ಟುಹೋದವರಾರೆಂದು ಎದುರಿಗೇ ಕೇಳಿದಳು. ಕರುಣೆಯಿಂದ ಲೆಕ್ಕ ಮುಗಿಯುವುದಿಲ್ಲ, ಉತ್ತರವೂ ಬರಬೇಕು.

ಕಲಿಯು ಹೊರಟ ಬಗೆಯೂ ವಿಚಾರಾರ್ಹವಾದದ್ದು. ಕಾರ್ಕೋಟಕನ ವಿಷವು ಒಳಗಿದ್ದ ಕಲಿಯನ್ನು ಸುಡುತ್ತಿತ್ತು. ಆದರೂ ಅವನು ಕದಲಲಿಲ್ಲ. ಋತುಪರ್ಣನಿಂದ ನಳನು ಅಕ್ಷಹೃದಯವನ್ನು ಕಲಿತ ಮೇಲೆ, ಎಂದರೆ ದಾಳದ ಮರ್ಮವನ್ನು ತಿಳಿದ ಮೇಲೆ, ಕಲಿಯು ವಿಷವನ್ನು ಕಾರುತ್ತ ಹೊರಗೆ ಬಂದನು. ಮನಸ್ಸಿನ ಮದ್ದೂ ವ್ಯಸನದ ಮದ್ದೂ ಒಟ್ಟಿಗೆ ಬಿದ್ದಾಗ ಬಿಡುಗಡೆಯಾಯಿತು.

ಈ ಮಾತನ್ನು ವೈದ್ಯಶಾಸ್ತ್ರವು ಒಪ್ಪುವುದಕ್ಕೆ ಬಹುಕಾಲ ಹಿಡಿಯಿತು. ಬೆಂಗಳೂರಿನಲ್ಲಿ ೧೮೪೭ರಲ್ಲಿ ಸ್ಥಾಪಿತವಾದದ್ದು ಹುಚ್ಚರ ಆಶ್ರಯ. ೧೯೨೫ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. ೧೯೩೦ರ ದಶಕದಲ್ಲಿ ಅದು ಲಕ್ಕಸಂದ್ರದ ಬಯಲಿಗೆ ಹೋಯಿತು. ಅಲ್ಲಿಯೇ ೧೯೫೪ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಹುಟ್ಟಿ, ೧೯೭೪ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ವ್ಯಸನಿಗಳಿಗಾಗಿ ಅದೇ ಆವರಣದಲ್ಲಿ ಪ್ರತ್ಯೇಕ ಚಿಕಿತ್ಸಾವಿಭಾಗವು ಏರ್ಪಟ್ಟದ್ದು ೧೯೯೦ರ ದಶಕದಲ್ಲಿ. ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸನ್ನು ನೋಡೋಣವೆಂದು ಒಂದು ಬಾಗಿಲಿನವರೂ, ಮೊದಲು ಮನಸ್ಸು ನೆಟ್ಟಗಾಗಲಿ, ಆಮೇಲೆ ಕುಡಿತದ ಮಾತೆಂದು ಇನ್ನೊಂದು ಬಾಗಿಲಿನವರೂ ರೋಗಿಯನ್ನು ಅಲೆದಾಡಿಸುವ ಪದ್ಧತಿಯು ಲೋಕದ ಅನೇಕ ದೇಶಗಳಲ್ಲಿತ್ತು. ಎರಡನ್ನೂ ಒಂದೇ ಕಾಲದಲ್ಲಿ, ಒಂದೇ ವೈದ್ಯಮಂಡಲಿಯು ನೋಡತಕ್ಕದ್ದೆಂಬುದು ಈಗಿನ ತಜ್ಞರ ಮತ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕದ್ರವ್ಯಗಳ ದುರುಪಯೋಗದಿಂದುಂಟಾದ ಮನಃಸ್ಥಿತಿಗಳನ್ನು ಮನೋರೋಗದ ಲಕ್ಷಣವಾಕ್ಯದೊಳಗೆಯೇ ಸೇರಿಸಿಕೊಂಡಿದೆ. ಎರಡು ಅಧ್ಯಾಯಗಳ ನಡುವೆ ಚರಕನು ಕಟ್ಟಿದ ಸೇತುವೆಯ ಮೇಲೆ ಕಾನೂನು ಈಗ ನಡೆಯತೊಡಗಿದೆ.

ಕಾನೂನು ನಡೆದಷ್ಟು ದೂರ ಮನೆಗಳು ನಡೆದಿಲ್ಲ. ನಿಮ್ಹಾನ್ಸ್ ೨೦೧೫–೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯರೋಗಕ್ಕೆ ಒಳಗಾದವರಲ್ಲಿ ೧೦೦ಕ್ಕೆ ೮೬ರಷ್ಟು ಮಂದಿ ಚಿಕಿತ್ಸೆಯನ್ನೇ ಪಡೆಯುತ್ತಿಲ್ಲವೆಂದು ಕಂಡುಬಂದಿತು. ಬಸವನಗುಡಿಯಿಂದ ಲಕ್ಕಸಂದ್ರಕ್ಕೆ ದಾರಿ ದೂರವಿಲ್ಲ, ದೂರವಿರುವುದು ಹೊಸ್ತಿಲು. ಮರ್ಯಾದಸ್ಥ ಮನೆಗಳಲ್ಲಿ ಎರಡು ಅಪಕೀರ್ತಿಗಳ ಪೈಕಿ ಯಾವುದು ಅಗ್ಗವೆಂದು ತೂಗಿನೋಡುವ ಪರಿಪಾಠವುಂಟು. ತಂಗಿಯ ಮದುವೆಯ ಮಾತು ನಡೆಯುತ್ತಿದ್ದರೆ, ವಂಶದಲ್ಲಿ ಹುಚ್ಚಿದೆಯೆಂಬ ಮಾತು ಬರಬಾರದೆಂದು ಅಣ್ಣನ ರೋಗವನ್ನು ಸಹವಾಸದೋಷದ ಕುಡಿತವೆನ್ನುತ್ತಾರೆ. ಮಠದವರೋ ಗುರುಹಿರಿಯರೋ ಎದುರಿಗಿದ್ದರೆ, ಕುಡಿತವನ್ನು ಮುಚ್ಚಿ ತಲೆನೋವು, ನಿದ್ರಾಹೀನತೆ ಎನ್ನುತ್ತಾರೆ. ವೈದ್ಯನ ಮುಂದೆಯೂ ಅರ್ಧವನ್ನೇ ಹೇಳುತ್ತಾರೆ. ಅರ್ಧರೋಗಕ್ಕೆ ಔಷಧ ಬೀಳುತ್ತದೆ. ಉಳಿದರ್ಧವು ಅದನ್ನು ತಿಂದುಹಾಕುತ್ತದೆ. ದೇವರ ಮೇಲೆ ಆಣೆಯಿಡಿಸಿ ಒಂದೇ ದಿನದಲ್ಲಿ ಬಿಡಿಸುವ ಸಾಹಸಕ್ಕೆ ಕೈಹಾಕುವವರೂ ಉಂಟು. ಬಹುಕಾಲ ಹೆಚ್ಚಾಗಿ ಕುಡಿದವನು ಹಠಾತ್ತಾಗಿ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಗಿ, ಇಲ್ಲದ್ದು ಕಂಡು, ಬುದ್ಧಿಗೆಟ್ಟು, ಪ್ರಾಣಕ್ಕೇ ಅಪಾಯ ಬರಬಹುದು. ಆ ಬಿಡುಗಡೆಯೂ ವೈದ್ಯರ ಕಣ್ಣೆದುರಿಗೆ ನಡೆಯತಕ್ಕದ್ದು. ಮನೆಯವರು ಇದನ್ನು ಅರಿಯದೆ ಆಣೆ ಫಲಿಸಲಿಲ್ಲವೆಂದೋ ದೆವ್ವ ಹಿಡಿಯಿತೆಂದೋ ಹೆದರಿ, ತಾವೇ ಸೀಸೆಯನ್ನು ತಂದುಕೊಡುವುದೂ ಉಂಟು.

ಈ ಸಂದರ್ಭದಲ್ಲಿ ಸಾಹಿತ್ಯದಿಂದ ಏನಾದೀತು? ಔಷಧವನ್ನು ಕೊಡುವುದು ಅದರ ಕೆಲಸವಲ್ಲ. ಆದರೆ ಹೇಳಲಾರದ್ದಕ್ಕೆ ಹೆಸರು ಕೊಡುವುದು ಅದರ ಕೆಲಸ. ನಳನ ಕಥೆಯನ್ನು ಹೇಳಿದವರು ಬೃಹದಶ್ವ ಋಷಿಗಳು. ಕೇಳಿದವನು ಜೂಜಿನಲ್ಲಿ ಎಲ್ಲವನ್ನೂ ಸೋತು ಕಾಡು ಸೇರಿದ್ದ ಯುಧಿಷ್ಠಿರ. ತನಗಿಂತ ಭಾಗ್ಯಹೀನನು ಲೋಕದಲ್ಲಿದ್ದನೆ ಎಂದು ಅವನು ಕೇಳಿದಾಗ ಋಷಿಗಳು ಜೂಜಿನ ಕೇಡನ್ನು ಕುರಿತು ಉಪನ್ಯಾಸ ಮಾಡಲಿಲ್ಲ. ಬಿದ್ದು ಎದ್ದ ಇನ್ನೊಬ್ಬನ ಕಥೆಯನ್ನು ಹೇಳಿ, ಕಡೆಯಲ್ಲಿ ಅಕ್ಷಹೃದಯವನ್ನೂ ಉಪದೇಶಿಸಿದರು. ೧೯೩೫ರಲ್ಲಿ ಅಮೆರಿಕೆಯ ಏಕ್ರನ್ ನಗರದಲ್ಲಿ ಇಬ್ಬರು ಕುಡುಕರು ಪರಸ್ಪರ ತಮ್ಮ ಕಥೆಯನ್ನು ಹೇಳಿಕೊಂಡು ಕುಡಿತದಿಂದ ದೂರವಿರುವ ಸಂಘವನ್ನು ಆರಂಭಿಸಿದಾಗ, ತಿಳಿಯದೆಯೇ ಬೃಹದಶ್ವರ ದಾರಿಯನ್ನು ಹಿಡಿದಿದ್ದರು. ಒಂದು ಭೇದವನ್ನು ಮಾತ್ರ ಮರೆಯಬಾರದು. ದಾಳದ ಮರ್ಮವನ್ನು ಕಲಿತ ನಳನು ಪುಷ್ಕರನೊಡನೆ ಮತ್ತೆ ಆಡಿ ರಾಜ್ಯವನ್ನು ಗೆದ್ದನು. ಮದ್ಯದ ವಿಷಯದಲ್ಲಿ ಅಂಥ ಎರಡನೆಯ ಆಟವಿಲ್ಲ. ಮರ್ಮವನ್ನು ತಿಳಿದೆನೆಂದು ಒಂದು ಗುಟುಕು ಕುಡಿದು ನೋಡುವವನಿಗೆ ಚರಕನು ಹೇಳಿದ ಧ್ವಂಸಕವೇ ಕಾದಿದೆ.

ರತ್ನನ ಪದಗಳನ್ನು ಹಾಡುವುದು ನಿಲ್ಲಬೇಕಾದದ್ದಿಲ್ಲ. ಕನ್ನಡದ ಅಭಿಮಾನಕ್ಕೆ ಅದಕ್ಕಿಂತ ಒಳ್ಳೆಯ ಧ್ವನಿ ಸಿಕ್ಕದು. ಆದರೆ ಅವನನ್ನು ಕವಿಸೃಷ್ಟಿಯೆಂದು ತಿಳಿದು ಕೇಳಬೇಕು. ನಿಜವಾದ ರೋಗಿಯನ್ನು ಅವನ ಅಳತೆಗೋಲಿನಿಂದ ಅಳೆಯಬಾರದು. ರತ್ನನ ನಾಲಗೆಯೂ ಕಾವೇರಿಯ ಪಂಜರವೂ ಒಂದೇ ಬಾಳಿನಲ್ಲಿ ಕೂಡಿದ, ಸಂಜೆಯಲ್ಲಿ ಮುಗಿಯದೆ ಬೆಳಗನ್ನೂ ತೋರಿಸುವ, ಪುಟ್ನಂಜಿಗೂ ಮಾತು ಕೊಡುವ ಕೃತಿಯೊಂದಕ್ಕೆ ಕನ್ನಡದಲ್ಲಿ ಜಾಗ ಖಾಲಿಯಿದೆ.

ಅದನ್ನು ಬರೆಯುವವರು ಉಪಾಖ್ಯಾನದ ಇನ್ನೊಂದು ವಿವರವನ್ನು ನೆನಪಿನಲ್ಲಿಡಬೇಕು. ನಳನಿಂದ ಹೊರಬಿದ್ದ ಕಲಿಯು ಸಾಯಲಿಲ್ಲ. ದಾರಿಯ ಪಕ್ಕದಲ್ಲಿದ್ದ ತಾರೆಯ ಮರವನ್ನು ಹೊಕ್ಕನು. ದಾಳಗಳಿಗೆ ಕಾಯಿ ಕೊಡುವ ಮರವೂ ಅದೇ. ನಳನು ಆ ಮರವನ್ನು ಕಡಿಯುತ್ತ ನಿಲ್ಲಲಿಲ್ಲ. ಅದು ಅಲ್ಲಿದೆಯೆಂಬುದನ್ನು ತಿಳಿದುಕೊಂಡೇ ರಥವನ್ನು ಮುಂದಕ್ಕೆ ಹೊಡೆದನು. ಕುಂಡಿನಪುರದಲ್ಲಿ ಹೆಂಡತಿಯೂ ಮಕ್ಕಳೂ ಕಾದಿದ್ದರು.